ಟ್ರಂಕಿನಲ್ಲಿದ್ದ ಕಿವಿಮುಚ್ಚಳ

ಜೇವರ್ಗಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಶಾಂಭವಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕೇಳುತ್ತಿತ್ತು. ಆಕೆ ಕೂಗುತ್ತಿದ್ದುದು ಇಡೀ ಬಸ್‌ಸ್ಟ್ಯಾಂಡಿಗೇ ಕೇಳುತ್ತಿತ್ತು. ಗಂಡ ಬೇಳೆ ಮಿಲ್ಲಿನವನು. ಅಂಗಿಯ ಮೇಲೆ ತೊಗರಿ ಹೊಟ್ಟಿನ ಧೂಳು, ಕೈಯಲ್ಲಿ ದವಾಖಾನೆಯ ಚೀಟಿ.

“ಡಾಕ್ಟರ್ ಅಂದದ್ದು ತಿಳೀತೇನ್ರಿ?”

“ತಿಳೀತು. ಎಡಗಿವಿ ಅರ್ಧ ಹೋಗ್ಯಾದಂತ.”

“ಹೋದದ್ದು ಮತ್ತ ಬರಂಗಿಲ್ಲ, ಉಳಿದದ್ದು ಕಾಯ್ಕೋರಿ ಅಂದಾರ.”

“ಕಾಯ್ತೇನಿ.”

“ಸಪ್ಪಳ ತಡೀಲಿಕ್ಕ ಮಿಲ್ಲಿನ್ಯಾಗ ಕೊಟ್ಟ ಕಿವಿಮುಚ್ಚಳ ಎಲ್ಲಿ ಅದಾವ?”

“ಟ್ರಂಕಿನ್ಯಾಗ. ಹೊಸಾವು ಅವ. ಮಿಲ್ಲಿನ್ಯಾಗ ಭಾಳ ಧೂಳ ಅದ, ಹೊಲಸಾಗ್ತಾವ.”

“ಟ್ರಂಕಿಗೇನು ಕಿವಿ ಅದಾವೇನ್ರಿ?”

“ಅಲ್ಲಿ ಕಿವಿಗೆ ಕೆಲಸಾನೇ ಇಲ್ಲ. ಆ ಸಪ್ಪಳದಾಗ ಎಲ್ಲಾ ಕೈಸನ್ನಿನೇ. ಮುಷ್ಟಿ ಎತ್ತಿದ್ರ ಮಷಿನ್ ಬಂದ್. ತಲಿ ಮುಟ್ಟಿದ್ರ ಚೀಲ ತಾ.”

“ಮನ್ಯಾಗ ಮೊಮ್ಮಗಳು ಈಗ ಮಾತು ಕಲ್ಯಾಕತ್ತಾಳ. ಮುತ್ಯಾ ಅಂದ್ರ ತಿರುಗಿ ನೋಡಂಗಿಲ್ಲ ನೀವು. ಅಕಿಗೂ ಮುಷ್ಟಿ ಎತ್ತು ಅಂತ ಕಲಿಸ್ಲೇನು?”

ಆತ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ. ಆಕೆ ಕೈಚೀಲದಿಂದ ಕಿವಿಮುಚ್ಚಳ ತೆಗೆದು ಅವನ ತೊಡೆಯ ಮೇಲಿಟ್ಟಳು. ಟ್ರಂಕಿನಿಂದ ತಂದೇ ಕೇಳಿದ್ದಳು.

“ನಾಳಿಂದ ಹಾಕ್ತೇನಿ.”

“ಇವತ್ತ ಎರಡನೇ ಪಾಳಿ ಯಾರ್ದು?”

ಬಸ್ಸು ಬಂತು. ಆತ ಹತ್ತಿ ಕಿಟಕಿ ಪಕ್ಕ ಕೂತ. ಆಕೆ ಈ ಸಲ ಕೂಗಲಿಲ್ಲ. ಎರಡೂ ಅಂಗೈ ಕಿವಿಗೊತ್ತಿ ತೋರಿಸಿ, ಹಾಗೇ ನಿಂತಳು. ಆತ ಪ್ಲಾಸ್ಟಿಕ್ ಹೊದಿಕೆ ಹರಿದು ಕಿವಿಮುಚ್ಚಳ ಹಾಕಿಕೊಂಡ.

ಕಂಡಕ್ಟರ್ ಎರಡು ಸಲ “ಎಲ್ಲಿಗಿ?” ಎಂದ. ಆತ ಮುಂದೆ ನೋಡುತ್ತ ಕೂತಿದ್ದ.

“ಬ್ಯಾಳಿ ಮಿಲ್ಲಿಗೆ ಒಂದು ಕೊಡ್ರಿ,” ಎಂದಳು ಆಕೆ ಕೆಳಗಿನಿಂದ.

ಬಸ್ಸು ಹೊರಟಿತು.