ದೀಪ ದೊಡ್ಡದು ಮಾಡಿದ ವಿಚಾರದಲ್ಲಿ ಕನ್ನಡ ಉಪನ್ಯಾಸಕಿಯ ಹೇಳಿಕೆ

ನನ್ನ ಹೆಸರು ಪ್ರಮೋದಾ, ವಯಸ್ಸು 48 ವರ್ಷ, ವಿದ್ಯಾಭ್ಯಾಸ ಎಂ.ಎ. (ಕನ್ನಡ), ವೃತ್ತಿ ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ, ವಾಸ ದೊಡ್ಡಬೆಳವಂಗಲ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಹೇಳಿಕೆಯ ಮೂಲಕ ತಿಳಿಸಬಯಸುವುದೇನೆಂದರೆ,

ನಮ್ಮ ಕಾಲೇಜಿನ ಅಗ್ನಿ ಸುರಕ್ಷತೆ ಕೋರ್ಸಿನ ಅಂತಿಮ ವರ್ಷದ ವಿದ್ಯಾರ್ಥಿನಿ ಹರ್ಷಿತಳಿಗೆ ದೇವನಹಳ್ಳಿ ಕಡೆಯ ಒಂದು ಕಂಪನಿಯ ಅಗ್ನಿಶಾಮಕ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಬರುವ ಬುಧವಾರದೊಳಗೆ ಆಕೆ ತನ್ನ ಮೇಲೆ ಪ್ರಕರಣವಿಲ್ಲವೆಂಬ ಪೊಲೀಸ್ ಪತ್ರ ಕೊಡಬೇಕು. ಕೊಡದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ.

ದಿನಾಂಕ 22-08-2025ರ ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ನಮ್ಮಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಮತ್ತು ಅಗ್ನಿ ಸುರಕ್ಷತೆಯ ಹೊಸ ಪ್ರಯೋಗಾಲಯದ ಉದ್ಘಾಟನೆ ಇತ್ತು. ಮುಖ್ಯ ಅತಿಥಿ ಊರಿನ ಮುಖಂಡರಾದ ಕೆಂಪರಾಜ್. ದೀಪ ಬೆಳಗಿದವರು ಕಾಲೇಜು ಅಧ್ಯಕ್ಷರ ತಾಯಿ ಮುತ್ಯಾಲಮ್ಮನವರು. ಕುರ್ಚಿಗಳೆಲ್ಲ ಸಭಿಕರಿಗೆ ಹೋಗಿದ್ದರಿಂದ ವೇದಿಕೆಗೆ ಮೆಕ್ಯಾನಿಕ್ಸ್ ಪ್ರಯೋಗಾಲಯದ ಉದ್ದನೆಯ ಬೆಂಚನ್ನು ತಂದಿದ್ದರು. ಅದರ ಕಾಲುಗಳು ಸಮತೋಲನದ ಪಾಠಕ್ಕೆಂದು ತುದಿಗಳಲ್ಲಿಲ್ಲದೆ ನಡುವಿನಲ್ಲೇ ಇವೆ. ಮೆಕ್ಯಾನಿಕ್ಸ್ ಉಪನ್ಯಾಸಕ ಕಾಂತರಾಜು ಅವರು ಕೆಂಪರಾಜ್ ಅವರನ್ನು ಒಂದು ತುದಿಗೂ, ಮುತ್ಯಾಲಮ್ಮನವರನ್ನು ಮತ್ತು ನನ್ನನ್ನು ಇನ್ನೊಂದು ತುದಿಗೂ ಕೂರಿಸಿದರು. ನಾವಿಬ್ಬರು ಸೇರಿದರೆ ಅವರೊಬ್ಬರಿಗೆ ಸಮ ಎಂದು ಮೈಕಿನಲ್ಲಿ ವಿವರಿಸಿ, ಯಾವ ಕಾರಣಕ್ಕೂ ಹೇಳದೆ ಏಳಬಾರದು, ಎದ್ದರೆ ಹೆಂಗಸರು ನೆಲಕ್ಕೆ ಬೀಳುತ್ತಾರೆ ಎಂದು ಕೆಂಪರಾಜ್ ಅವರಿಗೆ ತಿಳಿಸಿದರು. ಅವರು ಒಪ್ಪಿದರು.

ಸುಮಾರು 11.40ಕ್ಕೆ ಫ್ಯಾನಿನ ಗಾಳಿಗೆ ದೀಪದ ಕುಡಿ ಕೆಂಪರಾಜ್ ಅವರ ಹಿಂದಿದ್ದ ಬಟ್ಟೆಯ ಬ್ಯಾನರಿನ ಕಡೆಗೆ ಬಾಗುತ್ತಿತ್ತು. ಹರ್ಷಿತ ಬಂದು, ದೀಪ ಆರಿಸಲೇ ಎಂದು ಮುತ್ಯಾಲಮ್ಮನವರನ್ನು ಕೇಳಿದಳು. ಅವರಿಗೆ ಬೇಸರವಾಯಿತು.

"ಶುಭ ದಿನ ಆರ್ಸು ಗೀರ್ಸು ಅನ್ಬಾರ್ದು ಕಣಮ್ಮ. ದೊಡ್ಡದು ಮಾಡು," ಎಂದರು.

ನಮ್ಮ ಕಡೆ ಹಿರಿಯರು ದೀಪ ಆರಿಸು ಎಂದು ಬಾಯಲ್ಲಿ ಹೇಳುವುದಿಲ್ಲ. ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ. ನನಗೂ ಆ ಮಾತು ಹಾಗೇ ಕೇಳಿಸಿದ್ದರಿಂದ ನಾನು ಭಾಷಣದ ಕಡೆಗೆ ತಿರುಗಿದೆ. ಹರ್ಷಿತಳ ಮನೆಯಲ್ಲಿ ದೀಪ ಎಣ್ಣೆ ತೀರಿ ತಾನಾಗಿ ಶಾಂತವಾಗುತ್ತದೆಯಂತೆ, ಯಾರೂ ಯಾರಿಗೂ ಏನೂ ಹೇಳುವುದಿಲ್ಲವಂತೆ. ಅಗ್ನಿ ಸುರಕ್ಷತೆಯ ತರಗತಿಯಲ್ಲಿ, ಮೇಲಿನವರ ಆದೇಶವನ್ನು ಗಟ್ಟಿಯಾಗಿ ಒಮ್ಮೆ ತಿರುಗಿ ಹೇಳಿ ಆಮೇಲೆ ಪಾಲಿಸಬೇಕೆಂದು ಕಲಿಸುತ್ತಾರೆ. ಆಕೆ ಹಾಗೇ ಮಾಡಿದಳು.

"ದೊಡ್ಡದು ಮಾಡ್ಲಾ ಅಜ್ಜಿ?"

"ಹೂಂ ಕಣಮ್ಮ, ಮಾಡು. ಒಳ್ಳೇದಾಗ್ಲಿ."

ಆಕೆ ಮೊದಲು ಅಗ್ನಿಶಾಮಕ ಸಿಲಿಂಡರನ್ನು ತಂದು ಪಕ್ಕದಲ್ಲಿಟ್ಟು ಅದರ ಪಿನ್ನು ಕಿತ್ತಳು. ಆಮೇಲೆ ದೀಪಕ್ಕೆ ಎಣ್ಣೆ ಸುರಿದು ಐದೂ ಬತ್ತಿಗಳನ್ನು ಮುಂದಕ್ಕೆ ಎಳೆದಳು. ಇದನ್ನೇ ಕೆಂಪರಾಜ್ ಅವರು ಆಮೇಲೆ ಹರ್ಷಿತಳ ಮೇಲೆ ಕೊಟ್ಟ ದೂರಿನಲ್ಲಿ ಪೂರ್ವಸಿದ್ಧತೆ ಎಂದು ಬರೆಸಿದ್ದಾರೆ. ಸಿದ್ಧತೆ ನಿಜ. ಬೆಂಕಿಗೆ ಮೊದಲು ಸಿದ್ಧವಾಗಿರುವುದೇ ಆ ಕೋರ್ಸಿನ ಪಾಠ.

ಬ್ಯಾನರಿಗೆ ಬೆಂಕಿ ಹತ್ತಿತು. ಬೆಂಕಿಯ ತುದಿಗಲ್ಲ, ಬುಡಕ್ಕೆ ಹೊಡೆಯಬೇಕೆಂಬುದು ನಿಯಮ. ಬ್ಯಾನರಿನ ಬುಡದಲ್ಲಿ ಕೆಂಪರಾಜ್ ಅವರು ಕುಳಿತಿದ್ದರು. ಅವರು ಏಳಲು ನೋಡಿದಾಗ ಕಾಂತರಾಜು ಅವರು ಓಡಿಬಂದು, ಏಳಬೇಡಿ, ಅಜ್ಜಿ ಬೀಳ್ತಾರೆ ಎಂದು ಕೂಗಿದರು. ಕೆಂಪರಾಜ್ ಅವರು ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಬೆಂಚು ಹಿಡಿದು, ಹರ್ಷಿತಳ ಸಿಲಿಂಡರಿನ ಪುಡಿ ಖಾಲಿಯಾಗುವವರೆಗೆ ಕುಳಿತಿದ್ದರು. ಬೆಂಕಿ ನಂದಿತು. ಅಜ್ಜಿಗೆ ಏನೂ ಆಗಲಿಲ್ಲ. ಕೆಂಪರಾಜ್ ಅವರಿಗೂ ಗಾಯವಿಲ್ಲ, ಆದರೆ ಅಂದೇ ಬೆಳಿಗ್ಗೆ ಬಣ್ಣ ಹಚ್ಚಿಸಿದ್ದ ಮೀಸೆ ಪುಡಿಯಿಂದ ಬೆಳ್ಳಗಾಗಿತ್ತು. ಸಭಿಕರು ಇದನ್ನು ಪ್ರಾತ್ಯಕ್ಷಿಕೆ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಕೆಂಪರಾಜ್ ಅವರಿಗೆ ಹೆಚ್ಚು ನೋವಾದದ್ದು ಅದರಿಂದ ಎಂದು ನನ್ನ ಭಾವನೆ.

ಶನಿವಾರ ಇನ್‌ಸ್ಪೆಕ್ಟರ್ ಅನಿಲ್‌ಕುಮಾರ್ ಅವರು ಎಲ್ಲರನ್ನೂ ಠಾಣೆಗೆ ಕರೆಸಿದರು. ದೀಪ ದೊಡ್ಡದು ಮಾಡಲು ಹೇಳಿದ್ದು ನಿಜವೇ ಎಂದು ಕೇಳಿದಾಗ ಮುತ್ಯಾಲಮ್ಮನವರು ನಿಜ, ಇನ್ನೇನು ಹೇಳಬೇಕಿತ್ತು ಎಂದರು. ಹಾಗಾದರೆ ಆರೋಪಿಗಳು ಇಬ್ಬರಾದರು ಎಂದು ಇನ್‌ಸ್ಪೆಕ್ಟರ್ ಹೇಳಿದರು. ನಾನು ಎದ್ದು ಮಾತಿನ ಅರ್ಥ ವಿವರಿಸಿದೆ. ತಾವು ಬೀದರ್ ಕಡೆಯವರು, ಇಂಥದ್ದು ಕೇಳಿಲ್ಲ ಎಂದ ಇನ್‌ಸ್ಪೆಕ್ಟರ್, ನಿಮ್ಮ ಮನೆಯಲ್ಲಿ ದೀಪ ಆರಿಸಲು ಏನು ಹೇಳುತ್ತಾರೆ ಎಂದು ಕೆಂಪರಾಜ್ ಅವರನ್ನೇ ಕೇಳಿದರು.

"ನಮ್ಮವ್ವನೂ ಹಂಗೇ ಅನ್ನೋದು ಸಾರ್," ಎಂದರು. ಆಮೇಲೆ ಮೀಸೆ ಮುಟ್ಟಿಕೊಂಡು ನಕ್ಕರು. "ಒಳ್ಳೆ ಹುಡ್ಗಿ, ಬಿಡಿ. ಈ ಕೇಸೂ ದೊಡ್ಡದು ಮಾಡ್ಬಿಡಿ ಅತ್ಲಾಗೆ."

ಈ ಕೊನೆಯ ಮಾತಿನ ಹೊತ್ತಿಗೆ ಫೋನ್ ಬಂದು ಇನ್‌ಸ್ಪೆಕ್ಟರ್ ಹೊರಗೆ ಹೋಗಿದ್ದರು. ನಾವೆಲ್ಲ ಕೈಮುಗಿದು ಹೊರಟೆವು.

ಇಂದು ಹರ್ಷಿತ ಪತ್ರ ಕೇಳಲು ಬಂದಾಗ, ಕೇಸನ್ನು ಇನ್ನೂ ದೊಡ್ಡದು ಮಾಡಲು ಫಿರ್ಯಾದುದಾರರು ಕೋರಿದ್ದಾರೆಂದು ಕಡತದಲ್ಲಿ ಇರುವುದಾಗಿಯೂ, ಪತ್ರ ಕೊಡಲಾಗದೆಂದೂ ತಿಳಿಸಿದ್ದಾರೆ. ನಾನು ಬಂದು, ಶನಿವಾರದ ಮಾತುಗಳನ್ನು ಕಡತಕ್ಕೆ ಬರೆದಿದ್ದ ಹೆಡ್ ಕಾನ್‌ಸ್ಟೆಬಲ್ ಗಂಗಣ್ಣನವರನ್ನು ವಿಚಾರಿಸಿದೆ.

"ಅವ್ರು ಹೇಳಿದ್ದನ್ನ ನಾನು ಬರೀತೀನಿ ಮೇಡಂ, ಅಂದ್ಕೊಂಡಿದ್ದನ್ನಲ್ಲ," ಎಂದರು. ಹಾಗಾದರೆ ನಾನು ಹೇಳುವುದನ್ನೂ ಬರೆದುಕೊಳ್ಳಿ ಎಂದು ಅವರ ಎದುರು ಕುಳಿತೆ.

ಕೆಂಪರಾಜ್ ಅವರು ತಿರುಪತಿಗೆ ಹೋಗಿದ್ದು, ಗುರುವಾರ ಬರುತ್ತಾರೆ. ಫೋನ್ ಆಫ್ ಆಗಿದೆ. ಆದ್ದರಿಂದ ಶನಿವಾರ ಅವರು ಆಡಿದ ಮಾತಿನ ಅರ್ಥ ದೂರನ್ನು ಮುಗಿಸಿ ಎಂಬುದೇ ಹೊರತು ಬೆಳೆಸಿ ಎಂಬುದಲ್ಲವೆಂದು, ಅದನ್ನು ಕಿವಿಯಾರೆ ಕೇಳಿದ ನಾನು ಸಾಕ್ಷಿ ಹೇಳುತ್ತಿದ್ದೇನೆ. ಇದನ್ನು ಕಡತಕ್ಕೆ ಸೇರಿಸಿ ಹರ್ಷಿತಳಿಗೆ ಪತ್ರ ಕೊಡಬೇಕೆಂದು ಕೋರುತ್ತೇನೆ. ನೂರಾರು ಅರ್ಜಿಗಳಲ್ಲಿ ಕಂಪನಿಯವರು ಆಕೆಯನ್ನು ಆರಿಸಿದ್ದಾರೆ.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಗಂಗಣ್ಣನವರು ಕೊನೆಯ ಪದದ ಬಳಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಯ್ಕೆ ಮಾಡಿದ್ದಾರೆ ಎಂದು ಬರೆಯಲು ಹೇಳಿದ್ದೇನೆ.

ಬರೆದದ್ದನ್ನು ನನಗೆ ಎರಡು ಬಾರಿ ಓದಿ ಹೇಳಿದ್ದಾರೆ. ಪದವೂ ಅರ್ಥವೂ ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಸತ್ಯವೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ದೊಡ್ಡಬಳ್ಳಾಪುರ ತಾಲ್ಲೂಕು
ದಿನಾಂಕ: 25-08-2025
ಸಹಿ: ಪ್ರಮೋದಾ