ಒಂದೇ ಸಮ ಬಡಿದ ನಾಡಿ

ಕೇಳ್ರಪ್ಪ, ಹತ್ತಿರ ಕೂತು ಕೇಳಿ. ದಾರಿ ಕೇಳಿದರೆ ಹೇಳಲಾರೆ, ಹೆಸರು ಕೇಳಿದರೆ ಮರೆತಿದ್ದೇನೆ, ಅಂಥದ್ದೊಂದು ಊರು. ಅಲ್ಲಿ ಕೊಟ್ರಶೆಟ್ಟಿ ಅಂತ ಒಬ್ಬ ಬಟ್ಟೆ ವ್ಯಾಪಾರಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಸೀರೆಯ ನೂಲು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಹೇಳುವವನು. ಒಂದೇ ಸಮ ಇದ್ದರೆ ಮೊದಲ ದರ್ಜೆ. ನಾವು ವ್ಯಾಪಾರದವರು ನೋಡುವುದೇ ಅದನ್ನಲ್ಲವೇ?

ಅವನ ಹೆಂಡತಿ ತಿರಕವ್ವ. ತೊಟ್ಟಿಲ ಕೂಸು ತೀರಿಹೋಯಿತು. ಅವಳು ಅಳಲಿಲ್ಲ. ಕೆಲಸ ಮಾಡಿದಳು, ಕರೆದರೆ ಓಗೊಟ್ಟಳು, ಬಡಿಸಿದ್ದು ಉಂಡಳು. ನಗು ಮಾತ್ರ ಇಲ್ಲ. ಸಿಟ್ಟೂ ಇಲ್ಲ.

ತಾಯಿ ಹಂಪವ್ವ ಬಂದು ಮಗಳನ್ನು ನೋಡಿದಳು. ಹೊರಡುವಾಗ ಅಳಿಯನಿಗೆ ಅಂದಳು: "ಅಳಿಯಂದ್ರೇ, ನನ್ನ ಮಗಳು ಬಾಯಿ ಬಿಡೋದಿಲ್ಲ. ಅವಳ ಕೈ ಹಿಡಿದು ನಾಡಿ ನೋಡಿ. ನೀರು ಸೇದಿ ಬಂದಾಗ ಒಮ್ಮೆ, ಮಲಗಿದಾಗ ಒಮ್ಮೆ, ಕೂಸಿನ ಹೆಸರು ಎತ್ತಿ ಒಮ್ಮೆ. ಹೇಗೆ ಬಡೀತು ಅಂತ ಹೇಳಿ ಕಳಿಸಿ."

"ಸೀರೆ ನೋಡೋ ಬೆರಳಿಗೆ ನಾಡಿ ಯಾವ ಲೆಕ್ಕ, ಅತ್ತೆ?"

"ನಿಮ್ಮ ಬೆರಳನ್ನ ನಂಬ್ತೀನಿ. ಬೆಲೆ ಕಟ್ಟೋಕೆ ಹೋಗಬೇಡಿ, ಅಷ್ಟೇ."

ನೀರು ಸೇದಿ ಬಂದಳು, ಕೈ ಹಿಡಿದ. ಟಕ್, ಟಕ್, ಟಕ್. ಮಲಗಿದಳು, ಹಿಡಿದ. ಟಕ್, ಟಕ್, ಟಕ್. ಕೂಸಿನ ಹೆಸರು ಎತ್ತಿ ಕೈ ಹಿಡಿದ. ಅದೇ ಟಕ್, ಟಕ್, ಟಕ್. ಏರಲಿಲ್ಲ, ಇಳಿಯಲಿಲ್ಲ.

ಶೆಟ್ಟಿ ಏನು ಮಾಡಬೇಕಿತ್ತು? ಕಂಡದ್ದನ್ನು ಕಂಡ ಹಾಗೆ ಹೇಳಿ ಕಳಿಸಬೇಕಿತ್ತು. ಅವನು ಬೆಲೆ ಕಟ್ಟಿದ. "ಚೆನ್ನಾಗಿದೆ, ಚಿಂತೆ ಬೇಡ" ಅಂತ ಅತ್ತೆಗೆ ಹೇಳಿ ಕಳಿಸಿ, ಎತ್ತಿನ ಮೇಲೆ ಗಂಟು ಹೇರಿ, ದೂರದ ಸಂತೆಗಳಿಗೆ ಹೊರಟ.

ಎಷ್ಟೋ ತಿಂಗಳ ಮೇಲೆ ಬಂದ. ಹೊಸಿಲ ಮೇಲೆ ಹಂಪವ್ವ ಕೂತಿದ್ದಳು. ಒಳಗೆ ತಿರಕವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು.

"ಅವತ್ತು ನಾಡಿ ಹೇಗೆ ಬಡೀತಿತ್ತು?" ಅಂದಳು ಹಂಪವ್ವ.

"ಮೂರು ಸಲಾನೂ ಒಂದೇ ಸಮ, ಅತ್ತೆ."

ಮುದುಕಿ ಒಳಗಿದ್ದ ಮಗಳ ಕಡೆ ತಿರುಗಿ ನೋಡಿ ಅಂದಳು: "ಬದುಕೋ ನಾಡಿ ದುಡಿದರೆ ಓಡ್ತದೆ, ಮಲಗಿದರೆ ನಿಧಾನ ಆಗ್ತದೆ, ಕೂಸಿನ ಹೆಸರಿಗೆ ಎಡವ್ತದೆ. ಒಂದೇ ಸಮ ಅಂದ್ರೆ ಮನಸ್ಸು ಒಳಗೇ ಮುಳುಗಿದೆ ಅಂತ. ಆಗಲೇ ಹೇಳಿದ್ರೆ ಬಂದು ಪಕ್ಕ ಕೂತು ಅಳಿಸ್ತಿದ್ದೆ. ಈಗ ನಾನು ಅತ್ತರೂ ಅವಳಿಗೆ ಕೇಳಿಸ್ತಿಲ್ಲ."

ಶೆಟ್ಟಿ ತಾನು ತಂದ ಸೀರೆಯನ್ನು ತಿರಕವ್ವನ ಪಕ್ಕ ಇಟ್ಟ. ಕೈ ಹಿಡಿದ. ಹೆಸರು ಹಿಡಿದು ಕರೆದ, ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಅವನ ಎದೆ ಓಡುತ್ತಿತ್ತು. ಬೆರಳ ಕೆಳಗೆ ಅದೇ ಟಕ್, ಟಕ್, ಟಕ್. ಮೊದಲ ದರ್ಜೆ.

ಗಂಟು ಬಿಚ್ಚಿ ತೋರಿಸಿದ್ದಾಯಿತು, ಇನ್ನು ಕಟ್ಟುತ್ತೇನೆ. ನೀವು ಮನೆಗೆ ಹೋಗಿ, ನಿಮ್ಮವರ ಕೈ ಹಿಡಿದು ನೋಡಿ.