‘ದಯವಿಟ್ಟು ಮೌನ’ ಹಿಡಿದವನು

“ಭಾವ, ನಿಮಗೆ ಕೊಟ್ಟಿದ್ದ ಕೆಲಸ ಏನು?”

ಗಾಲ್ಫ್ ಮೈದಾನದ ಗೇಟಿನೆದುರು ಬಸ್ಸಿಗೆ ಕಾಯುತ್ತಿದ್ದೆವು. ದೊಡ್ಡ ಚಾಂಪಿಯನ್‌ಶಿಪ್‌ನ ಕೊನೆಯ ಸುತ್ತು ಆಗಷ್ಟೇ ಮುಗಿದಿತ್ತು. ನನ್ನ ಮುಂದೆ ಮೈದಾನದ ಹುಲ್ಲು ಕತ್ತರಿಸುವವನೊಬ್ಬ, ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ.

“ಬೋರ್ಡು ಹಿಡಿಯೋದು.”

“ಅದರಲ್ಲಿ ಏನು ಬರೆದಿತ್ತು?”

“ದಯವಿಟ್ಟು ಮೌನ.”

“ಅದನ್ನ ಎತ್ತಿ ಹಿಡ್ಕೊಂಡೇ ಕೂಗಿದ್ರಲ್ಲ, ಮಹಾನುಭಾವರೇ!”

“ಕೂಗಲಿಲ್ಲ ಕಣೋ. ‘ಇನ್ನೂ ಸ್ವಲ್ಪ ಎಡಕ್ಕೆ ಸ್ವಾಮಿ’ ಅಂದೆ. ಇಪ್ಪತ್ತು ವರ್ಷದಿಂದ ಆ ಹುಲ್ಲು ಕತ್ತರಿಸ್ತಿದ್ದೀನಿ, ಇಳಿಜಾರು ಎಲ್ಲಿದೆ ಅಂತ ನಂಗೊತ್ತಿಲ್ವಾ?”

“ಕೊನೇ ಹೊಡೆತಕ್ಕೆ ನಿಂತಿದ್ದ ಆಟಗಾರ ನಿಮ್ಮನ್ನ ದುರುಗುಟ್ಟಿ ನೋಡಿ, ತನಗೆ ತೋಚಿದ ಕಡೆಗೇ ಹೊಡೆದ. ಒಂದೇ ಒಂದು ಹೊಡೆತದಲ್ಲಿ ಕಪ್ ಹೋಯ್ತು.”

“ಚೆಂಡು ಬಲಕ್ಕೆ ಜಾರ್ತೋ ಇಲ್ವೋ, ಅಷ್ಟು ಹೇಳು.”

“ಜಾರ್ತು. ನಾಳೆ ಮ್ಯಾನೇಜರ್ ಕರೆದಿರೋದು ನಿಮಗೆ ಹಾರ ಹಾಕೋಕಾ? ಕೆಲಸ ಉಳೀಬೇಕಂದ್ರೆ ತಪ್ಪಾಯ್ತು ಅಂದು, ತುಟಿ ಹೊಲ್ಕೊಂಡು ನಿಂತ್ಕೊಳ್ಳಿ. ಅಕ್ಕನ ಮೇಲೆ ಆಣೆ ಮಾಡಿ.”

“ನಿಮ್ಮಕ್ಕನಾಣೆ, ಇನ್ನು ತುಟಿ ಬಿಚ್ಚಲ್ಲ.”

ಬಸ್ಸು ಬಂತು. ಕಿರಿದಾದ ತಿರುವಿನಲ್ಲಿ ಡ್ರೈವರ್ ಅದನ್ನು ಹಿಂದಕ್ಕೆ ತೆಗೆಯತೊಡಗಿದ. ಭಾವನ ಕೈ ತಾನಾಗಿ ಮೇಲೆದ್ದಿತು.

“ಇನ್ನೂ ಸ್ವಲ್ಪ ಎಡಕ್ಕೆ ಸ್ವಾಮಿ!”

ಡ್ರೈವರ್ ದುರುಗುಟ್ಟಿ ನೋಡಿ, ತನಗೆ ತೋಚಿದ ಕಡೆಗೇ ತಿರುಗಿಸಿದ. ಹಿಂದಿನ ಚಕ್ರ ಮೋರಿಗಿಳಿಯಿತು. ಭಾವಮೈದುನರಿಬ್ಬರೂ ನಡೆದೇ ಹೊರಟರು.